ಗೆರೆ ನಿಂತ ಜಾಗ

"ಈ ಡಿಸೆಂಬರಿಗೆ ಅವನಿಗೆ ಹದಿನೆಂಟು ತುಂಬ್ತದಲ್ಲವಾ?"

ಕೇಳಿದ್ದು ಯಾರನ್ನೂ ಅಲ್ಲ. ಮಾಕ್, ಎಂದರೆ ಅಮ್ಮ, ಒಲೆಯ ಮುಂದೆ ಕೂತು ಬಾಳೆಎಲೆಯಲ್ಲಿ ತಿಂಪಾನ್ ಸಿಹಿ ಸುತ್ತುತ್ತಿದ್ದಳು; ಮಾತು ಹಬೆಯ ಜೊತೆ ಮೇಲೆದ್ದು ಹೋಯಿತು. ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದ ಮಗಳು ರೌಜಾಗೆ ಅದು ಕೇಳಿಸಿತು. ಇಂಥ ಮಾತಿಗೆ ಓಗೊಡಬಾರದೆಂದು ಅವಳು ಎಂಟರ ವಯಸ್ಸಿನಲ್ಲೇ ಕಲಿತವಳು. ಸುನಾಮಿಯಲ್ಲಿ ಸಮುದ್ರ ಬಂಡಾ ಆಚೆ ಎಂಬ ಈ ಊರಿನ ಓಣಿಗಳೊಳಗೆ ನುಗ್ಗಿದ ಆ ಬೆಳಿಗ್ಗೆ ಅಪ್ಪನೂ ಹೋದ, ಮೂರು ವರ್ಷದ ತಮ್ಮ ಹೈಕಲನೂ ಹೋದ. ಅಪ್ಪನ ದೇಹ ಸಿಕ್ಕಿತು. ಹೈಕಲ್ ಮನೆಯ ಗೇಟಿನ ಹತ್ತಿರ ಮಾಕ್‌ಳ ಕೈಯಿಂದ ಜಾರಿದ್ದಷ್ಟೇ ಗೊತ್ತು.

ಗುರುವಾರ ಸಂಜೆ ಓಣಿಯ ಹೆಂಗಸರು ಸೇರಿ ಕುರಾನಿನ ಯಾಸೀನ್ ಅಧ್ಯಾಯ ಓದಿ, ತೀರಿಹೋದವರ ಹೆಸರು ಹೇಳುವಾಗ ಅಪ್ಪನ ಹೆಸರಿರುತ್ತದೆ, ಹೈಕಲನದು ಇರುವುದಿಲ್ಲ. ಒಮ್ಮೆ ಹೊಸದಾಗಿ ಬಂದ ಒಬ್ಬಾಕೆ ತಿಳಿಯದೆ ಸೇರಿಸಿಬಿಟ್ಟಳು. ಮಾಕ್ ಎದ್ದು, ಇನ್ನೂ ತಿನ್ನುತ್ತಿದ್ದವರ ಮುಂದಿನ ತಟ್ಟೆಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋದಳು. ಯಾವುದೋ ಬೆಸ್ತರ ಮನೆಯಲ್ಲಿ ಬೆಳೆಯುತ್ತಿದ್ದಾನೆಂದು ನಂಬಿ, ಪ್ರತಿ ಹಬ್ಬಕ್ಕೂ ಅವಳು ಮಗನಿಗೊಂದು ಅಂಗಿ ಹೊಲಿಸುತ್ತಾಳೆ. ಈಚೆಗೆ ದರ್ಜಿಗೆ ಭುಜ ಸ್ವಲ್ಪ ಅಗಲ ಬಿಡಲು ಹೇಳುತ್ತಾಳೆ.

"ಮಾಕ್, ಈಗ ಸಂದರ್ಶನಕ್ಕೆ ಕರೀತಾರೆ. ಸದ್ದು ಮಾಡಬೇಡ."

"ನಾನೇನು ತಮಟೆ ಬಡೀತಿದೀನಾ? ಅಲ್ಲಿ ಮೀನು ಹಸೀದೇ ತಿಂತಾರಂತೆ. ಒಳ್ಳೇದಾಯ್ತು ಬಿಡು. ನಿನಗೆ ಒಲೆ ಹಚ್ಚೋಕೆ ಬರಲ್ಲ ಅನ್ನೋದು ಅಲ್ಲಿ ಯಾರಿಗೂ ಗೊತ್ತಾಗಲ್ಲ."

ಜಪಾನಿನ ಕಡಲತೀರದ ಒಂದು ವಿಶ್ವವಿದ್ಯಾಲಯ. ಇಂಗ್ಲಿಷಿನಲ್ಲಿ ಕಲಿಸುವ ಎರಡು ವರ್ಷದ ಸ್ನಾತಕೋತ್ತರ ಪದವಿ. ಕಲಿಯಬೇಕಾದದ್ದು, ನೆಲದ ಮೇಲೆ ಏರಿ ಬರುವ ಸಮುದ್ರದ ನಡೆ. ಹೊರದೇಶದವರಿಗೆ ವಿದ್ಯಾರ್ಥಿವೇತನದ ಸೀಟು ಒಂದೇ ಒಂದು. ಪ್ರೊಫೆಸರ್ ಕುರಾಮೊತೊ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಹಿಂದೆ ಎರಡು ಸಲ ಅರ್ಜಿ ಹಾಕಿದಾಗ ಸಂದರ್ಶನಕ್ಕೇ ಕರೆದಿರಲಿಲ್ಲ. ಈ ಸಲ ರೌಜಾ ಅರ್ಜಿಯ ಜೊತೆ ಒಂದು ನಕ್ಷೆ ಬರೆದು ಕಳಿಸಿದ್ದಳು: ತನ್ನದೇ ಓಣಿ, ತನ್ನದೇ ಗೇಟು, ಅಲ್ಲಿಂದ ನೀರು ಹೋದ ದಾರಿ.

ಪರದೆಯ ಮೇಲೆ ನರೆತ ತಲೆಯೊಂದು ಮೂಡಿತು. ಮೊದಮೊದಲು ಎಲ್ಲ ಸಲೀಸಾಗಿತ್ತು. ಇಂಗ್ಲಿಷ್ ಅವಳಿಗೂ ಅಡುಗೆಮನೆಗೂ ನಡುವೆ ಒಂದು ಗೋಡೆಯ ಹಾಗೆ ನಿಂತಿತ್ತು. ಅಷ್ಟರಲ್ಲಿ ಮಾಕ್ ತಿಂಪಾನ್ ತಟ್ಟೆಯನ್ನೂ ಕಾಫಿಯನ್ನೂ ತಂದು ಲ್ಯಾಪ್‌ಟಾಪಿನ ಎದುರಿಗೇ ಇಟ್ಟಳು.

"ಏನಿದು ಮಾಕ್! ಅವರು ತಿನ್ನೋಕಾಗ್ತದಾ?"

"ಆಗದಿದ್ರೆ ಬಿಡಲಿ. ಮನೆಗೆ ಬಂದವರ ಮುಂದೆ ಬರೀ ಮೇಜು ಇಡೋದಾ?"

ಪ್ರೊಫೆಸರ್ ತಲೆಬಾಗಿ ನಕ್ಕರು. "ಸೌಖ್ಯವೇ, ಇಬು?" ಎಂದರು, ಇಂಡೋನೇಷ್ಯಾದ ಮಾತಿನಲ್ಲಿ ಅಮ್ಮ ಎಂದು ಕರೆದು. ನೀರು ಇಳಿದ ಮೇಲೆ ಅವರು ಈ ಊರಿನ ಗೋಡೆಗೋಡೆಗೂ ಅಳತೆಪಟ್ಟಿ ಹಿಡಿದು ನೀರೇರಿದ ಗುರುತು ಅಳೆದವರು. ಹಿರಿಯರು ಎದುರಿಗಿರುವಾಗ ಅವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುವುದು ಸೌಜನ್ಯವಲ್ಲವೆಂದು ಪ್ರೊಫೆಸರಿಗೆ ತೋರಿತೋ ಏನೋ, ಮುಂದಿನದನ್ನೂ ಆ ಭಾಷೆಯಲ್ಲೇ ತಡವರಿಸುತ್ತ ನಡೆಸಿದರು. ಮಾಕ್‌ಗೆ ಹಿಗ್ಗಾಯಿತು. ತಲೆವಸ್ತ್ರದ ತುದಿಯಲ್ಲಿ ಕೈ ಒರೆಸಿಕೊಂಡು ಬಾಗಿಲಿಗೊರಗಿ ನಿಂತಳು. ರೌಜಾ ಲ್ಯಾಪ್‌ಟಾಪಿನ ಸದ್ದು ಕೊಂಚ ತಗ್ಗಿಸಿದಳು.

"ನಕ್ಷೆ ತುಂಬ ಚೆನ್ನಾಗಿದೆ. ಆದರೆ ನಿಮ್ಮ ಗೆರೆ ಮೀನು ಮಾರುಕಟ್ಟೆಯ ಗೋಡೆಗೆ ನಿಂತುಬಿಟ್ಟಿದೆ. ನೀರು ಅಲ್ಲಿ ನಿಲ್ಲಲಿಲ್ಲ."

"ಮುಂದಿನದು ಸಿಗಲಿಲ್ಲ, ಸರ್."

"ಸಿಗುತ್ತದೆ. ಅಲ್ಲಿನ ಗುರುತುಗಳನ್ನು ನಾನೇ ಅಳೆದು ಅಚ್ಚು ಹಾಕಿಸಿದ್ದೇನೆ, ನೀವು ಓದಿಯೂ ಇದ್ದೀರಿ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. "ನಮ್ಮಲ್ಲಿಗೆ ಬರುವ ಎಲ್ಲರಿಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಹುಡುಕಲು ಹೋಗುವವರು ನಮ್ಮನ್ನು ಕೇಳುವುದೂ ಅದನ್ನೇ. ಈ ಗೇಟಿನ ಹತ್ತಿರ ತಾಯಿಯ ಕೈಯಿಂದ ಒಂದು ಮಗು ಜಾರಿತು ಅನ್ನಿ. ಎಲ್ಲಿ ಹುಡುಕಬೇಕು? ಇದಕ್ಕೆ ಉತ್ತರ ಹೇಳದವರನ್ನು ನಾನು ತೆಗೆದುಕೊಳ್ಳುವುದಿಲ್ಲ."

ಬಾಗಿಲ ಹತ್ತಿರ ಬಳೆಯ ಸದ್ದು ನಿಂತಿತು.

ರೌಜಾಗೆ ಉತ್ತರ ಗೊತ್ತಿತ್ತು. ಒಮ್ಮೆ ಪೂರ್ತಿ ಬರೆದು ಅಳಿಸಿದ್ದಳು. ಗೋಡೆಯನ್ನು ಸುತ್ತಿ ಹಿನ್ನೀರಿಗೆ, ಹಿನ್ನೀರಿನಿಂದ ಮರಳುವ ಸೆಳೆತಕ್ಕೆ ಸಿಕ್ಕಿ ತೆರೆದ ಕಡಲಿಗೆ. ನಿಧಾನವಾಗಿ ಒಂದು ಸಲ ಫಾತಿಹಾ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಾರಿಯಲ್ಲಿ ಯಾವ ಬೆಸ್ತರ ಮನೆಯೂ ಇರಲಿಲ್ಲ, ಹಿಡಿದುಕೊಳ್ಳಲು ಒಂದು ಮರವೂ ಇರಲಿಲ್ಲ.

"ಯೋಚಿಸಿ ಹೇಳಿ," ಎಂದರು ಪ್ರೊಫೆಸರ್, ಪೆನ್ನು ಕೈಗೆತ್ತಿಕೊಂಡು. "ನನಗೆ ಅವಸರವಿಲ್ಲ."

ಮಾಕ್ ಬಂದು ಮಗಳ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವಳ ಮುಖವೂ ಈಗ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು.

"ಸರ್ ಕೇಳ್ತಿದ್ದಾರಲ್ಲ ಮಗಳೇ. ಹೇಳು."

"ಮಾಕ್, ನೀನು ಒಳಗೆ ಹೋಗು."

"ಹೋಗಲ್ಲ. ನಿನಗೆ ಗೊತ್ತಿದೆ. ಇಷ್ಟು ದಿನ ನಾನು ಯಾರನ್ನೂ ಕೇಳಲಿಲ್ಲ, ಇವತ್ತು ಕೇಳ್ತಿದೀನಿ. ಎಲ್ಲಿ ಹುಡುಕಬೇಕಿತ್ತು ನಾನು? ಅವರಿಗೆ ಹೇಳು, ನಾನೂ ಕೇಳಿಸ್ಕೊಳ್ತೀನಿ."

ರೌಜಾ ಪರದೆಯನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ.

"ಹೇಳಲ್ಲ ಮಾಕ್," ಎಂದಳು. "ನಿನಗೂ ಹೇಳಲ್ಲ, ಅವರಿಗೂ ಹೇಳಲ್ಲ."