ಹದಕ್ಕೆ ಬರುವ ಉಪ್ಪಿನಕಾಯಿ

ಗದಗಿನ ರೇಡಿಯೊದಲ್ಲಿ ಹವಾಮಾನದ ಹಿಂದೆಯೇ ಪ್ರಳಯದ ದಿನವನ್ನೂ ಹೇಳುವುದು ಹಳೆಯ ರೂಢಿ. ಈ ಸಲ ರವಿವಾರ ಎಂದರು. ಎಂದಿನಂತೆ ಜನ ಫಕ್ಕೀರಪ್ಪನ ಮಿಠಾಯಿ ಅಂಗಡಿಗೆ ಮುಗಿಬಿದ್ದರು. ಪಕ್ಕದಲ್ಲೇ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದ, ಗಂಡನಿಲ್ಲದ ಶಾವಂತ್ರೆವ್ವನ ಕಡೆ ಯಾರೂ ಸುಳಿಯಲಿಲ್ಲ. ಇನ್ನು ಅಂಗಡಿ ಮುಚ್ಚಿ ತವರಿಗೆ ಹೋಗುವುದೇ ಸರಿ ಎಂದು ಅವಳು ಭರಣಿಗಳನ್ನು ಕಟ್ಟತೊಡಗಿದಳು.

ಸಂಜೆ ಗಿರಾಕಿಗಳನ್ನು ಬಿಟ್ಟು ಫಕ್ಕೀರಪ್ಪ ಬಂದ. ಹೆಂಡತಿ ತೀರಿಹೋದ ಮೇಲೆ ಅವನೂ ಒಂಟಿ.

"ಮಾವಿನಕಾಯಿ ಉಪ್ಪಿನಕಾಯಿ ಒಂದು ಭರಣಿ ಹಾಕ್ರಿ."

"ಹದಕ್ಕ ಬರಾಕ ತಿಂಗಳು ಬೇಕ್ರಿ. ರವಿವಾರ ಎಲ್ಲಾ ಮುಗಿತೈತಂತಲ್ಲ?"

"ದೊಡ್ಡ ಭರಣಿನ ಹಾಕ್ರಿ. ನಮ್ಮಿಬ್ಬರಿಗೂ ವರ್ಷಗಟ್ಟಲೆ ಸಾಲ್ಬೇಕು."

ಶಾವಂತ್ರೆವ್ವ ಕಟ್ಟಿಟ್ಟ ದೊಡ್ಡ ಭರಣಿಯೊಂದನ್ನು ಬಿಚ್ಚಿದಳು. ಆಮೇಲೆ ಈಳಿಗೆಮಣೆ ಎಳೆದುಕೊಂಡು, "ಖಾರ ಎಷ್ಟಿರ್ಲಿ ನಿಮಗ?" ಎಂದು ಕೇಳಿದಳು.