ಅರ್ಧ ಮಾತ್ರೆ

ಅತ್ತೆಯ ಕೈಯಲ್ಲಿದ್ದ ಬ್ಲೇಡು ಮಾತ್ರೆಯ ನಡುಗೆರೆಯ ಮೇಲೆ ನಿಂತಾಗ ಸೊಸೆ ಕೇಳಿಯೇಬಿಟ್ಟಳು. "ನಾಯಿಗೆ ತುರಿಕೆ ಪೂರ್ತಿ ಹೋಯ್ತಲ್ಲ ಅತ್ತೆ, ಇನ್ನೂ ಯಾಕೆ ಮಾತ್ರೆ? ಇವತ್ತೇ ನಿಲ್ಲಿಸಿಬಿಟ್ರೆ?"

"ಅಯ್ಯೋ, ಹಂಗೆಲ್ಲ ಮಾಡೋ ಹಾಗಿಲ್ಲ. ಇದು ಸ್ಟೆರಾಯ್ಡು ಕಣೇ. ಈ ವಾರ ಅರ್ಧ, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ಡಾಕ್ಟ್ರೇ ನೋಡಿ ನಿಲ್ಲಿಸ್ತಾರೆ. ಥಟ್ಟನೆ ಬಿಟ್ರೆ ನಾಯಿ ಕುಸಿದು ಬೀಳಬಹುದಂತೆ."

"ಮಾತ್ರೆ ಶುರು ಮಾಡೋಕೆ ಮುಂಚೆ ಚೆನ್ನಾಗೇ ಓಡಾಡ್ಕೊಂಡಿತ್ತಲ್ಲ?"

"ನಾನೂ ಅದನ್ನೇ ಕೇಳ್ದೆ. ಇಂಥದ್ದೇ ಏನೋ ಒಂದನ್ನ ಅದರ ಮೈಯೇ ದಿನಾ ತಯಾರು ಮಾಡ್ಕೊಳ್ತಿತ್ತಂತೆ. ಕೂತಲ್ಲಿಗೇ ಹೊರಗಿಂದ ಬರೋಕೆ ಶುರುವಾದ್ಮೇಲೆ ಮೈ ಕೈಕಟ್ಟಿ ಕೂತುಬಿಡುತ್ತೆ. ಮತ್ತೆ ರೂಢಿಯಾಗೋಕೆ ಟೈಮ್ ಬೇಕು."

ನೀರಿನ ಬಟ್ಟಲು ಖಾಲಿ ಮಾಡಿದ ನಾಯಿ, ಇನ್ನಷ್ಟು ಬೇಕೆಂದು ಅದನ್ನು ಮೂತಿಯಿಂದ ನೂಕಿತು. ಸೊಸೆ ನೀರು ತುಂಬಿಸಿ ನಕ್ಕಳು. "ಸೋಮಾರಿ ಮೈ!"

ಅತ್ತೆ ನಗಲಿಲ್ಲ. ಬಾಗಿಲ ಬಳಿ ಸೊಸೆಯ ಹೊಸ ಬ್ಯಾಗು ಸಿದ್ಧವಾಗಿತ್ತು. ನಾಳೆಯಿಂದ ಅವಳು ಕೆಲಸಕ್ಕೆ ಹೋಗುವವಳು. "ಅಡುಗೆಮನೆ ಚಿಂತೆ ನನಗೆ ಬಿಡು" ಎಂದು ಅತ್ತೆ ಎಲ್ಲರೆದುರು ಹೇಳಿಬಿಟ್ಟಿದ್ದರು. ಆದರೆ ಸೊಸೆ ಮನೆಗೆ ಬಂದಂದಿನಿಂದ ಅವರು ಒಲೆ ಹಚ್ಚಿದವರಲ್ಲ. ಇವತ್ತು ಬೆಳಿಗ್ಗೆ ಉಪ್ಪಿನ ಡಬ್ಬಿಗಾಗಿ ಅವರು ಕಪಾಟುಗಳನ್ನೆಲ್ಲ ತಡಕಾಡಿದ್ದನ್ನು ಸೊಸೆ ನೋಡಿಯೂ ನೋಡದವಳಂತಿದ್ದಳು.

ಬ್ಲೇಡು ಇಳಿಯಿತು. ಸೊಸೆ ಒಂದು ಚೂರನ್ನು ನಾಯಿಯ ಬಾಯಿಗೆ ಹಾಕಿ, ತಲೆಯೆತ್ತದೆಯೇ, "ಅತ್ತೆ, ಈ ವಾರ ಬೆಳಗಿನ ಅಡುಗೆ ನಾನೇ ಮಾಡಿಟ್ಟು ಹೋಗ್ತೀನಿ. ರಾತ್ರಿದು ನಿಮ್ದು," ಎಂದಳು.

ಅತ್ತೆ ಉಳಿದ ಚೂರನ್ನು ಎತ್ತಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

"ಮೊದಲು ಉಪ್ಪು ಎಲ್ಲಿಟ್ಟಿದೀಯ ತೋರಿಸು ಬಾ."