ಟ್ರಂಕಿನ ಮೇಲೆ ಕೂತ ಅತ್ತೆ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ತಾಗಿದರೆ, ಯಲ್ದೂರಿನ ನಮ್ಮ ಹುಳುಮನೆಯ ಆ ಮಧ್ಯಾಹ್ನ ಇಂದಿಗೂ ನನ್ನ ಮುಂದೆ ಬಂದು ನಿಲ್ಲುತ್ತದೆ.

ಆಷಾಢ ಕಾಲಿಟ್ಟಿತ್ತು. ಆ ತಿಂಗಳು ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ತೌರಿಗೆ ಹೋಗಬೇಕು. ಆದರೆ ರೇಷ್ಮೆಹುಳು ಮೇಯುವ ಹೊತ್ತು, ಕೈ ಸಾಲದು ಎಂದು ಅಜ್ಜಿ ತನ್ನ ಹೊಸ ಸೊಸೆ, ನನ್ನ ಚಿಕ್ಕಮ್ಮನನ್ನು ಕಳಿಸಿರಲಿಲ್ಲ.

ಬಿದಿರಿನ ತಟ್ಟೆಗೆ ಹಾಸಲು ಹಳೆಯ ಪತ್ರಿಕೆಯ ಹಾಳೆ ಬಿಡಿಸಿದ ಚಿಕ್ಕಮ್ಮ ಫಕ್ಕನೆ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಹಾಳೆಯಲ್ಲಿದ್ದ ಆಷಾಢದ ವ್ಯಂಗ್ಯಚಿತ್ರದಲ್ಲಿ ದಪ್ಪನೆಯ ಅತ್ತೆಯೊಬ್ಬಳು, ತೌರಿಗೆ ಹೊರಟ ಸೊಸೆಯನ್ನು ಬಿಡದೆ ಅವಳ ಟ್ರಂಕಿನ ಮೇಲೆ ಕೂತಿದ್ದಳು. ನಗುನಗುತ್ತಲೇ ಚಿಕ್ಕಮ್ಮನ ಕಣ್ಣು ತುಂಬಿತು.

ಅಜ್ಜಿಗೆ ಓದು ಬಾರದು. ಹಾಳೆಯನ್ನು ತುಂಬಾ ಹೊತ್ತು ನೋಡಿ, "ಯಾರೇ ಇವಳು, ನಾನೇನೇ?" ಎಂದಳು. ಅಜ್ಜಿ ಅದನ್ನೇ ತಟ್ಟೆಗೆ ಹಾಸಿ, ಹುಳು ಬಿಟ್ಟು, ಚಿತ್ರದ ಮುದುಕಿಯ ಮೇಲೆ ದಟ್ಟವಾಗಿ ಸೊಪ್ಪು ಹರಡಿದಳು.

ಸೋನೆಮಳೆಯಂಥ ಸದ್ದು ಮಾಡುತ್ತ ಹುಳುಗಳು ಮೇದವು. ಹೊತ್ತು ಇಳಿಯುವಾಗ ಸೊಪ್ಪು ಮುಗಿದು, ಮುದುಕಿ ಮತ್ತೆ ಇಣುಕಿದಳು.

"ಇವಳಂತೂ ಏಳೋ ಹಂಗೆ ಕಾಣಲ್ಲ ಕಣೇ," ಎಂದಳು ಅಜ್ಜಿ. "ಟ್ರಂಕು ಇಲ್ಲೇ ಇರ್ಲಿ. ನಾಳೆ ಗಾಡಿ ಕಟ್ಟಿಸ್ತೀನಿ, ಬಟ್ಟೆ ಗಂಟು ಕಟ್ಕೊಂಡು ತೌರಿಗೆ ಹೋಗು."